ಇಂಚಿಗೊಂದು ಕೊಡ: ಬೀದಿ ಮರಗಳನ್ನು ಬೇಸಿಗೆ ದಾಟಿಸುವ ನನ್ನ ಲೆಕ್ಕ

ನಾನು ಟೈಲರ್. ಕೋಲಾರದಲ್ಲಿ, ಅಂತರಗಂಗೆ ಬೆಟ್ಟ ಎದುರಿಗೇ ಕಾಣುವ ಒಂದು ಬಡಾವಣೆಯಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಾಗಿಲು ಪಡುವಣಕ್ಕಿದೆ. ಅದರ ಮುಂದೆ ಒಂದು ಹೊಂಗೆ ಮರ ಇಲ್ಲದಿದ್ದರೆ ಏಪ್ರಿಲ್ ಮಧ್ಯಾಹ್ನ ಮಿಷನ್ ಮುಂದೆ ಕೂರೋಕೇ ಆಗುತ್ತಿರಲಿಲ್ಲ. ಶಾಲೆ ಯೂನಿಫಾರಂ ಬಟ್ಟೆಗಳು ರಾಶಿ ಬಂದು ಬೀಳುವುದು ಮೇ ತಿಂಗಳಲ್ಲಿ. ವರ್ಷದ ದೊಡ್ಡ ದುಡಿಮೆ ಅದೇ, ಅದು ನಡೆಯುವುದು ಆ ಹೊಂಗೆಯ ನೆರಳಿನಲ್ಲಿ. ಹಾಗಾಗಿ ಮರಕ್ಕೆ ನೀರು ಹಾಕುವುದನ್ನು ಪುಣ್ಯದ ಕೆಲಸ ಅಂತ ನಾನು ಎಣಿಸಿಲ್ಲ, ಮಿಷನ್‌ಗೆ ಎಣ್ಣೆ ಬಿಡುವ ಹಾಗೆ ಅದೂ ಒಂದು ಆಗಲೇಬೇಕಾದ ಕೆಲಸ.

2023ರಲ್ಲಿ ಮಳೆ ಕೈಕೊಟ್ಟಿತ್ತು. ಅದರ ಹಿಂದಿನ ವರ್ಷ ನಮ್ಮ ಬೀದಿಯವರೆಲ್ಲ ಸೇರಿ 11 ಗಿಡ ನೆಟ್ಟಿದ್ದೆವು: ಹೊಂಗೆ, ಬೇವು, ನೇರಳೆ, ಎರಡು ಸಂಪಿಗೆ. 2024ರ ಬೇಸಿಗೆ ಮುಗಿಯುವಷ್ಟರಲ್ಲಿ ಅದರಲ್ಲಿ 6 ಒಣಗಿ ಕಡ್ಡಿಯಾದವು. ನೀರು ಹಾಕದೆ ಒಣಗಿದ್ದಲ್ಲ. ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಹಾಕುವಾಗ, ಉಳಿದ ನೀರನ್ನು ಎರಡು ಚೊಂಬು ಗಿಡದ ಬುಡಕ್ಕೂ ಸುರಿಯುತ್ತಿದ್ದೆವು. ಒಂದು ದಿನವೂ ತಪ್ಪಿಸಿರಲಿಲ್ಲ.

ಒಣಗಿದ ಬೇವಿನ ಗಿಡವನ್ನು ಕೀಳುವ ದಿನ ನಾನೇ ಗುದ್ದಲಿ ಹಿಡಿದೆ. ಅರ್ಧ ಗಂಟೆ ಮುಂಚೆಯಷ್ಟೇ ಅಭ್ಯಾಸಬಲದಿಂದ ಅದಕ್ಕೂ ನೀರು ಹಾಕಿದ್ದೆ. ಮೇಲಿನ ಮಣ್ಣು ಕಪ್ಪಗೆ ಒದ್ದೆ. ಎರಡು ಬೆರಳು ಅಗಲದಷ್ಟು ಕೆಳಗೆ ಹೋದರೆ ಬಣ್ಣವೇ ಬೇರೆ, ಇಟ್ಟಿಗೆ ಪುಡಿಯ ಹಾಗೆ ಒಣ ಕೆಮ್ಮಣ್ಣು. ಗುದ್ದಲಿ ಬಿದ್ದರೆ ಠಣ್ ಅನ್ನುತ್ತಿತ್ತು. ಬೇರುಗಳು ಕೆಳಗೆ ಇಳಿದೇ ಇರಲಿಲ್ಲ. ದಿನಾ ಸಿಗುವ ಎರಡು ಚೊಂಬಿಗಾಗಿ ಮೇಲುಮೇಲಕ್ಕೇ ಬಂದು, ನೂಲಿನ ಉಂಡೆಯ ಹಾಗೆ ಸುತ್ತಿಕೊಂಡು, ಬಿಸಿಲಿಗೆ ಬೆಂದು ಹೋಗಿದ್ದವು. ನಾವು ಹಾಕಿದ ನೀರು ಮಧ್ಯಾಹ್ನದೊಳಗೆ ಆವಿಯಾಗುತ್ತಿತ್ತು. ದಿನಾ ಹಾಕುತ್ತೇವೆ ಅನ್ನುವ ಸಮಾಧಾನ ನಮಗೆ ಸಿಕ್ಕಿತ್ತು, ನೀರು ಗಿಡಕ್ಕೆ ಸಿಕ್ಕಿರಲಿಲ್ಲ.

ಅವತ್ತಿನಿಂದ ನಾನು ಹಿಡಿದಿರುವುದು ಇದೊಂದೇ ಮಾತು: ಕಡಿಮೆ ಸಲ, ತುಂಬಾ ನೀರು, ನಿಧಾನಕ್ಕೆ, ಬೇರಿರುವ ಜಾಗಕ್ಕೆ.

ಅಳತೆ ತೆಗೆದುಕೊಳ್ಳಿ

ಯಾವ ಮರಕ್ಕೆ ಎಷ್ಟು ನೀರು ಅನ್ನುವುದಕ್ಕೆ ತೋಟಗಾರಿಕೆಯವರಲ್ಲಿ ಒಂದು ಅಂದಾಜಿದೆ. ಕಾಂಡದ ದಪ್ಪ ಒಂದು ಇಂಚು ಇದ್ದರೆ ಒಂದು ಸಲಕ್ಕೆ ಸುಮಾರು 40 ಲೀಟರ್. ದಪ್ಪ ಅಳೆಯಲು ಮರವನ್ನು ಕೊಯ್ಯಲಾಗುವುದಿಲ್ಲವಲ್ಲ, ನನ್ನ ಕೊರಳಲ್ಲಿ ಟೇಪು ಯಾವಾಗಲೂ ಇರುತ್ತದೆ, ನಾನು ಸುತ್ತಳತೆ ತೆಗೆಯುತ್ತೇನೆ. ಸುತ್ತಳತೆ ಅಂದರೆ ದಪ್ಪದ ಮೂರು ಪಟ್ಟಿಗಿಂತ ಚೂರು ಹೆಚ್ಚು. 40ನ್ನು ಹಾಗೆ ಭಾಗಿಸಿದರೆ ಸುತ್ತಳತೆಯ ಒಂದು ಇಂಚಿಗೆ 13 ಲೀಟರ್ ಹತ್ತಿರ ಬರುತ್ತದೆ. ನಮ್ಮ ಮನೆಯ ಪ್ಲಾಸ್ಟಿಕ್ ಕೊಡವನ್ನು ಲೀಟರ್ ಬಾಟಲಿಯಿಂದ ತುಂಬಿಸಿ ನೋಡಿದೆ, ಸರಿಯಾಗಿ 13 ಹಿಡಿಯಿತು. ಅಲ್ಲಿಗೆ ಲೆಕ್ಕ ಬಾಯಿಪಾಠವಾಯಿತು: ಇಂಚಿಗೊಂದು ಕೊಡ.

ಟೇಪನ್ನು ಎದೆಯೆತ್ತರದಲ್ಲಿ, ನೆಲದಿಂದ ನಾಲ್ಕೂವರೆ ಅಡಿಯಲ್ಲಿ ಸುತ್ತಿ. ಬುಡದಲ್ಲಿ ಸುತ್ತಿದರೆ ಉಬ್ಬು ಸೇರಿ ಲೆಕ್ಕ ತಪ್ಪುತ್ತದೆ. ನೆಟ್ಟು ಎರಡು ಮೂರು ವರ್ಷವಾದ, 6 ಇಂಚು ಸುತ್ತಳತೆಯ ಗಿಡಕ್ಕೆ ವಾರಕ್ಕೊಮ್ಮೆ 6 ಕೊಡ. ಅಷ್ಟೂ ಒಂದೇ ದಿನ ಹೋಗಬೇಕು, ದಿನಕ್ಕೊಂದರಂತೆ ಹಂಚಬೇಡಿ. ಈ ವರ್ಷವಷ್ಟೇ ನೆಟ್ಟ, ಬೆರಳು ದಪ್ಪದ ಸಸಿಯ ಬೇರು ಇನ್ನೂ ನರ್ಸರಿ ಪ್ಯಾಕೆಟ್ಟಿನ ಉಂಡೆಯಲ್ಲೇ ಇರುತ್ತದೆ. ಅದಕ್ಕೆ ಮಾತ್ರ ವಾರಕ್ಕೆ ಎರಡು ಸಲ, ಸಲಕ್ಕೆ ಒಂದೂವರೆ ಕೊಡ.

ನನ್ನ ಬಾಗಿಲ ಹೊಂಗೆಯ ಸುತ್ತಳತೆ 42 ಇಂಚು. ಲೆಕ್ಕದ ಪ್ರಕಾರ 42 ಕೊಡ ಬೇಕು. ಕಾರ್ಪೊರೇಷನ್ ಆಗಲಿ ನಗರಸಭೆ ಆಗಲಿ, ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರಲ್ಲಿ ಅಷ್ಟು ಎಲ್ಲಿಂದ ತರುವುದು? ದೊಡ್ಡ ಹೊಂಗೆ, ಬೇವು, ಅರಳಿ ಇವು ನಮ್ಮ ನೆಲದವೇ, ಆಳಕ್ಕೆ ಇಳಿದಿವೆ, ಸಾಧಾರಣ ಬೇಸಿಗೆಯನ್ನು ತಾವೇ ದಾಟುತ್ತವೆ. ಹಿಂದಿನ ವರ್ಷ ಮಳೆ ಸರಿಯಾಗಿ ಆಗದಿದ್ದರೆ ಮಾತ್ರ ಮಾರ್ಚ್‌ನಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು ಸಲ ಅರ್ಧ ಲೆಕ್ಕದಷ್ಟು ಕೊಡುತ್ತೇನೆ. ಕೈಯಲ್ಲಿರುವ ನೀರು ಕಡಿಮೆ ಇದ್ದಾಗ ಮೊದಲ ಪಾಲು ನೆಟ್ಟು ಮೂರು ವರ್ಷ ತುಂಬದ ಗಿಡಗಳಿಗೆ. ಆಮೇಲೆ ಪೈಪ್‌ಲೈನ್‌ಗೋ ಚರಂಡಿಗೋ ಅಗೆದಾಗ ಬೇರು ಕತ್ತರಿಸಿಕೊಂಡ ಮರಗಳಿಗೆ. ಅವು ನೋಡಲು ದೊಡ್ಡದಿರುತ್ತವೆ, ಆದರೆ ನೀರು ಕುಡಿಯುವ ಬಾಯಿ ಅರ್ಧ ಹೋಗಿರುತ್ತದೆ. ಎಲ್ಲ ಮರಕ್ಕೂ ಚೂರು ಚೂರು ಹಂಚುವುದಕ್ಕಿಂತ ಐದಕ್ಕೆ ಪೂರ್ತಿ ಕೊಡುವುದು ಮೇಲು. ಹೀಗೆ ಆರಿಸುವುದು ಮನಸ್ಸಿಗೆ ಕಷ್ಟವೇ, ಆದರೂ ಆರಿಸಬೇಕು.

ನೀರು ಎಲ್ಲಿಗೆ

ನನ್ನ ತವರು ಶ್ರೀನಿವಾಸಪುರದ ಕಡೆ, ಮಾವಿನ ತೋಟದವರು. ಅಪ್ಪ ಮಾವಿಗೆ ಪಾತಿ ಮಾಡುವಾಗ ಬುಡಕ್ಕೆ ಮಣ್ಣು ಏರಿಸಿ, ನೀರು ನಿಲ್ಲುವ ಪಾತಿಯನ್ನು ದೂರಕ್ಕೆ ಮಾಡುತ್ತಿದ್ದರು. ನಡುಮಧ್ಯಾಹ್ನ ಮರದ ನೆರಳು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಕಾಲಿಂದ ಗೀರು ಎಳೆದು, "ಇದರ ಬಾಯಿ ಇಲ್ಲಿದೆ" ಅನ್ನುತ್ತಿದ್ದರು. ಚಿಕ್ಕವಳಿದ್ದಾಗ ಕೇಳಿದ್ದು, ಟೌನಿಗೆ ಬಂದು ಮರೆತೇ ಹೋಗಿದ್ದೆ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲಿ, ನೆರಳಿನ ಅಂಚಿನ ಆಚೀಚೆ ಹರಡಿರುತ್ತವೆ. ಕಾಂಡದ ಹತ್ತಿರ ಇರುವುದು ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರು. ಅಲ್ಲಿ ದಿನಾ ನೀರು ನಿಂತರೆ ತೊಗಟೆ ಕೊಳೆಯುತ್ತದೆ, ಗೆದ್ದಲೂ ಬರುತ್ತದೆ.

ಅರಳಿಕಟ್ಟೆಗಳ ವಿಷಯದಲ್ಲಿ ಇದನ್ನು ವಿಶೇಷವಾಗಿ ಹೇಳಬೇಕು. ಸೋಮವಾರ ಅರಳಿಯ ಬುಡಕ್ಕೆ ಚೊಂಬು ನೀರು ಹಾಕಿ ಸುತ್ತು ಬರುವುದನ್ನು ನಾನೂ ಮಾಡುತ್ತೇನೆ. ಆದರೆ ಕಲ್ಲು ಕಟ್ಟೆಯೊಳಗೆ ಬಿದ್ದ ಆ ನೀರು ಮರದ ಬಾಯಿಗೆ ಹೋಗುವುದು ಅಷ್ಟಕ್ಕಷ್ಟೇ. ಪೂಜೆ ಮುಗಿದ ಮೇಲೆ ಕಟ್ಟೆಯ ಆಚೆ, ಮಣ್ಣು ಕಾಣುವ ಕಡೆ ನಾಲ್ಕು ಕೊಡ ಹೊಯ್ದು ಬನ್ನಿ.

ಎಳೆ ಗಿಡಕ್ಕೆ ಕಾಂಡದಿಂದ ಒಂದು ಗೇಣು ಬಿಟ್ಟು ಶುರುಮಾಡಿ ಎರಡು ಅಡಿಯವರೆಗೆ ಪಾತಿ, ಸುತ್ತ ನಾಲ್ಕು ಇಂಚಿನ ಬದು. ಗಿಡ ಬೆಳೆದ ಹಾಗೆ ಬದುವನ್ನು ವರ್ಷ ವರ್ಷ ಆಚೆಗೆ ಸರಿಸಬೇಕು. ಅಗೆಯುವಾಗ ಗುದ್ದಲಿ ಆಳಕ್ಕೆ ಹಾಕಬೇಡಿ, ಮೇಲಿನ ಗಟ್ಟಿ ಪದರ ಬಿಡಿಸಿದರೆ ಸಾಕು. ಒಣಗಿ ಕಲ್ಲಾದ ಕೆಮ್ಮಣ್ಣು ಮೊದಲ ಕೊಡವನ್ನು ಕುಡಿಯುವುದೇ ಇಲ್ಲ, ಆಚೆ ಓಡಿಸಿಬಿಡುತ್ತದೆ. ಮೊದಲು ಅರ್ಧ ಕೊಡ ಚಿಮುಕಿಸಿ ಹದಿನೈದು ನಿಮಿಷ ಬಿಡಿ. ಬಟ್ಟೆಗೆ ಇಸ್ತ್ರಿ ಮಾಡುವ ಮುಂಚೆ ನೀರು ಚಿಮುಕಿಸಿ ಸುತ್ತಿಡುವುದಿಲ್ಲವೇ, ಹಾಗೆ. ಆಮೇಲೆ ಹಾಕಿದ್ದು ಒಳಗೆ ಇಳಿಯುತ್ತದೆ.

ಇಳಿಯಿತೋ ಇಲ್ಲವೋ ನೋಡಲು ನನ್ನ ಹತ್ತಿರ ಮಿಷನ್ ಮೋಟಾರ್ ಬಿಚ್ಚುವ ಒಂದು ಉದ್ದನೆ ಸ್ಕ್ರೂಡ್ರೈವರ್ ಇದೆ, ತುದಿಯಿಂದ ಹಿಡಿಯವರೆಗೆ ಒಂದು ಅಡಿ. ನೀರು ಹಾಕಿದ ಮಾರನೇ ಬೆಳಿಗ್ಗೆ ಅದನ್ನು ಪಾತಿಯಲ್ಲಿ ಒತ್ತುತ್ತೇನೆ. ಒದ್ದೆ ಇರುವಷ್ಟು ದೂರ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ, ಒಣ ಮಣ್ಣು ಬಂದ ಕೂಡಲೇ ನಿಲ್ಲುತ್ತದೆ. ಪೂರ್ತಿ ಇಳಿದರೆ ಸಾಕು. ಅರ್ಧಕ್ಕೇ ನಿಂತರೆ ಹಾಕಿದ್ದು ಸಾಲದು. ವಾರ ಕಳೆದ ಮೇಲೂ ಪೂರ್ತಿ ಇಳಿಯುತ್ತಿದೆ, ತುದಿಗೆ ಕೆಸರು ಅಂಟಿ ಬರುತ್ತಿದೆ ಅಂದರೆ ಆ ವಾರ ನೀರು ಬೇಡ. ಬೇರಿಗೆ ಗಾಳಿಯೂ ಬೇಕು, ನೀರಲ್ಲೇ ನಿಂತರೆ ಉಸಿರುಕಟ್ಟಿ ಕೊಳೆಯುತ್ತದೆ. ಸೋರುವ ನಲ್ಲಿ ಪಕ್ಕದ ಗಿಡಗಳು ಹಳದಿಯಾಗಿ ಸಾಯುವುದು ಹೀಗೇ.

ಕ್ಯಾನ್ ಮಾಡುವುದು

ಆರು ಕೊಡ ಸುರಿಯುತ್ತ ನಿಲ್ಲುವಷ್ಟು ಪುರುಸೊತ್ತು ನನಗಿಲ್ಲ. ಕುಡಿಯುವ ನೀರಿನ 20 ಲೀಟರ್ ಕ್ಯಾನುಗಳು ಸೀಳುಬಿಟ್ಟರೆ ಗುಜರಿಗೆ ಹೋಗುತ್ತವೆ. ಸೀಳು ಮೇಲ್ಭಾಗದಲ್ಲಿದ್ದರೆ ನಮಗೆ ಅದೇ ಸಾಕು. ತಳದಿಂದ ಒಂದು ಬೆರಳು ಮೇಲೆ, ಗೋಣಿಚೀಲ ಹೊಲಿಯುವ ದಬ್ಬಣವನ್ನು ಒಲೆಯಲ್ಲಿ ಕಾಯಿಸಿ ಒಂದು ತೂತು ಮಾಡಿ. ತಳದಲ್ಲೇ ಮಾಡಿದರೆ ಮಣ್ಣು ಮೆತ್ತಿಕೊಂಡು ಕಟ್ಟಿಹೋಗುತ್ತದೆ. ತೂತಿನಲ್ಲಿ ದಪ್ಪ ಹತ್ತಿ ದಾರದ ತುಂಡನ್ನು ಒಳಗೊಂದು ಗಂಟು ಹಾಕಿ ಹೊರಗೆ ನಾಲ್ಕು ಬೆರಳು ಇಳಿಬಿಡಿ. ದಾರ ಹಿಡಿದುಕೊಂಡು ನೀರು ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಪಾಲಿಯೆಸ್ಟರ್ ದಾರ ನೀರು ಹೀರುವುದಿಲ್ಲ, ಹತ್ತಿಯದೇ ಬೇಕು. ನನ್ನ ಕ್ಯಾನು ಖಾಲಿಯಾಗಲು ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಒಂದು ಗಂಟೆಗೇ ಮುಗಿದರೆ ತೂತು ಬಿಗಿಯಾಗುವಂತೆ ಇನ್ನೊಂದೆಳೆ ದಾರ ಸೇರಿಸಿ.

ಮುಚ್ಚಳ ಬಿಗಿಯಾಗಿ ತಿರುಗಿಸಿದರೆ ಗಾಳಿಯಿಲ್ಲದೆ ನೀರು ನಿಂತುಬಿಡುತ್ತದೆ, ತೆಗೆದಿಟ್ಟರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಡೆಂಗಿ ಕಾಟ ನಮಗೆ ಗೊತ್ತಿರುವುದೇ. ಮುಚ್ಚಳದ ಬದಲು ಎರಡು ಪದರ ಹತ್ತಿ ಬಟ್ಟೆ ಕಟ್ಟಿ, ಗಾಳಿ ಹೋಗುತ್ತದೆ, ಸೊಳ್ಳೆ ಹೋಗದು. ಕ್ಯಾನಿಗೆ ಹಳೇ ಗಾಢ ಬಣ್ಣದ ಬಟ್ಟೆಯ ಗವಸು ಹೊಲಿದು ಹಾಕಿದರೆ ಒಳಗೆ ಪಾಚಿ ಕಟ್ಟುವುದಿಲ್ಲ. ಒಂದೇ ಜಾಗದಲ್ಲಿ ಇಡಬೇಡಿ. ಸಂಜೆ ತುಂಬಿಸಿದ್ದು ಮೂಡಣಕ್ಕಿದ್ದರೆ ಬೆಳಿಗ್ಗೆ ತುಂಬಿಸುವಾಗ ಪಡುವಣಕ್ಕೆ, ಹೀಗೆ ನೆರಳಿನ ಅಂಚನ್ನು ಸುತ್ತಿಸಿ. 6 ಕೊಡ ಅಂದರೆ ನಾಲ್ಕು ಕ್ಯಾನ್ ಹತ್ತಿರ, ಎರಡು ಕ್ಯಾನ್ ಇದ್ದರೆ ಒಂದು ರಾತ್ರಿಯಲ್ಲಿ ಮುಗಿಯುತ್ತದೆ.

ಹೊತ್ತು ಸೂರ್ಯ ಮುಳುಗಿದ ಮೇಲೆ, ಇಲ್ಲವೇ ಬೆಳಿಗ್ಗೆ 8ರೊಳಗೆ. ತಾರಸಿಯ ಕಪ್ಪು ಸಿಂಟೆಕ್ಸ್ ಟ್ಯಾಂಕಿನ ನೀರನ್ನು ಮಧ್ಯಾಹ್ನ ನೇರವಾಗಿ ಬಿಡಲೇಬೇಡಿ. ಕೈಗೆ ಸುಡುವ ನೀರು ಬೇರಿಗೂ ಸುಡುತ್ತದೆ.

ಯಾವ ನೀರು

ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಪಾಲಾರ್ ಇದ್ದರೂ ಬಹುಕಾಲ ಮರಳೇ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ಬರುತ್ತಿದೆ, ಆದರೆ ಮನೆಯ ಕೊಡಕ್ಕೆ ಬರುವುದು ಸಾವಿರ ಅಡಿ ಆಳದ ಬೋರ್‌ವೆಲ್ ನೀರೇ. ಅದನ್ನು ಮರಕ್ಕೆ ಹಾಕಲು ಯಾರಿಗೂ ಕೈಬಾರದು, ಹಾಕಬೇಕಾಗಿಯೂ ಇಲ್ಲ. ಬಟ್ಟೆ ಜಾಲಿಸಿದ ಎರಡನೇ, ಮೂರನೇ ನೀರು, ಅಕ್ಕಿ ಬೇಳೆ ತರಕಾರಿ ತೊಳೆದ ನೀರು, ಏಸಿಯಿಂದ ತೊಟ್ಟಿಕ್ಕುವ ನೀರು, ಇವು ಸಾಕಾಗುತ್ತವೆ. ನಮ್ಮ ಬೀದಿಯ 5 ಗಿಡಕ್ಕೆ ವಾರಕ್ಕೆ 35 ಕೊಡ ಬೇಕು, 8 ಮನೆಯವರು ಹಂಚಿಕೊಂಡಿದ್ದೇವೆ. ಮನೆಗೆ ನಾಲ್ಕೈದು ಕೊಡವಾಯಿತು, ಯಾರಿಗೂ ಭಾರವಿಲ್ಲ. ಸೋಪಿನ ಮೊದಲ ನೀರು, ಬ್ಲೀಚಿಂಗ್, ಫಿನಾಯಿಲ್ ನೀರು ಬೇಡ. ಜಾಲಿಸಿದ ನೀರನ್ನೂ ಒಂದೇ ಗಿಡಕ್ಕೆ ಪ್ರತಿ ವಾರ ಹಾಕದೆ, ಮೂರು ವಾರಕ್ಕೊಮ್ಮೆ ಒಳ್ಳೆ ನೀರು ಕೊಡಿ.

ಆರ್‌ಒ ಫಿಲ್ಟರಿನಿಂದ ಆಚೆ ಬರುವ ನೀರಿನ ಬಗ್ಗೆ ಸ್ವಲ್ಪ ಹೆಚ್ಚಿಗೆ ಹೇಳುತ್ತೇನೆ, ಯಾಕೆಂದರೆ ನಾನೇ ಅದರಿಂದ ಒಂದು ಸಂಪಿಗೆಯನ್ನು ಕೊಲ್ಲುವುದರಲ್ಲಿದ್ದೆ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಪೈಪಿನಲ್ಲಿ ಮೋರಿಗೆ ಹೋಗುತ್ತದೆ. ನೋಡಲು ತಿಳಿಯಾಗಿರುತ್ತದೆ. ಅಯ್ಯೋ, ಇಷ್ಟು ಒಳ್ಳೆ ನೀರು ಹಾಳಾಗುತ್ತದಲ್ಲ ಅಂತ ಕಳೆದ ಬೇಸಿಗೆ ಬಕೆಟ್ ಹಿಡಿದು, ಫೆಬ್ರವರಿಯಿಂದ ಸಂಪಿಗೆಗೆ ಅದನ್ನೇ ಹಾಕಿದೆ. ಏಪ್ರಿಲ್ ಮೊದಲ ವಾರ ನೋಡಿದರೆ ಎಲೆಗಳ ಅಂಚೆಲ್ಲ ಕಂದು, ಇಸ್ತ್ರಿ ಪೆಟ್ಟಿಗೆ ತಾಗಿದ ಬಟ್ಟೆಯ ಹಾಗೆ, ನಡುಭಾಗ ಮಾತ್ರ ಹಸಿರು. ನೀರು ಸಾಲದೇನೋ ಅಂತ ಇನ್ನೂ ಎರಡು ಬಕೆಟ್ ಹೆಚ್ಚಿಸಿದೆ. ಹತ್ತು ದಿನಕ್ಕೆ ಎಲೆ ಉದುರಲು ಶುರುವಾಯಿತು. ಪಾತಿಯ ಮೇಲೆ ಬಿಳಿ ಪದರ ಕಟ್ಟಿತ್ತು, ನಾಲಿಗೆಗೆ ಇಟ್ಟರೆ ಉಪ್ಪು. ನಮ್ಮ ಬೋರ್ ನೀರು ಮೊದಲೇ ಗಡಸು. ಫಿಲ್ಟರ್ ಅದರಿಂದ ತೆಗೆದ ಲವಣವನ್ನೆಲ್ಲ ಈ ನೀರಿಗೇ ತುಂಬಿ ಕಳಿಸುತ್ತದೆ. ಮಣ್ಣಲ್ಲಿ ಉಪ್ಪು ಹೆಚ್ಚಾದರೆ ಒದ್ದೆಯಿದ್ದರೂ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ.

ಬಿಳಿ ಪದರವನ್ನು ಕರಣೆಯಿಂದ ಹೆರೆದು ತೆಗೆದೆ. ಮೂರು ವಾರ, ಲೆಕ್ಕಕ್ಕಿಂತ ಎರಡು ಕೊಡ ಹೆಚ್ಚಿಗೆ, ಅಕ್ಕಿ ತೊಳೆದದ್ದು ಮತ್ತು ಏಸಿ ನೀರು ಕೂಡಿಸಿ ಹಾಕಿ ಉಪ್ಪನ್ನು ಕೆಳಗೆ ಇಳಿಸಿದೆ. ಮೇನಲ್ಲಿ ಎರಡು ಒಳ್ಳೆ ಮಳೆ ಬಿತ್ತು. ಬೋಳಾದ ಕೊಂಬೆಯ ತೊಗಟೆಯನ್ನು ಉಗುರಿನಿಂದ ಚೂರು ಗೀರಿ ನೋಡುತ್ತಿದ್ದೆ. ಒಳಗೆ ಹಸಿರಿದ್ದರೆ ಜೀವ ಇದೆ, ಕಂದಾಗಿ ಒಣಗಿದ್ದರೆ ಆ ಕೊಂಬೆ ಹೋಯಿತು ಅಂತ ಲೆಕ್ಕ. ಮೂರು ಕೊಂಬೆ ಹೋದವು, ಉಳಿದವು ಜೂನ್‌ನಲ್ಲಿ ಚಿಗುರಿದವು. ಫಿಲ್ಟರಿನ ಆ ನೀರನ್ನು ಈಗ ನೆಲ ಒರೆಸಲು, ಬಚ್ಚಲು ತೊಳೆಯಲು ಬಳಸುತ್ತೇನೆ.

ಹೊದಿಕೆ, ಕಾಂಕ್ರೀಟ್, ಮತ್ತೆ ಕೆಲವು

ಫೆಬ್ರವರಿ ಮಾರ್ಚ್‌ನಲ್ಲಿ ಹೊಂಗೆ, ಬೇವು ಎಲೆ ಉದುರಿಸುತ್ತವೆ. ಅದು ರೋಗವಲ್ಲ, ಯುಗಾದಿ ಹೊತ್ತಿಗೆ ತಳತಳ ಚಿಗುರು ಬರುತ್ತದೆ. ಬೋಳಾದ ಮೇ ಫ್ಲವರ್ ನೋಡಿಯೂ ಗಾಬರಿಯಾಗಬೇಡಿ. ಉದುರಿದ ಎಲೆಯನ್ನು ಗುಡಿಸಿ ಬೆಂಕಿ ಹಚ್ಚುವುದು ಕಂಡರೆ ನನಗೆ ಸಂಕಟವಾಗುತ್ತದೆ. ಮರ ತನಗೆ ಹೊದಿಕೆ ಬೇಕಾದ ಸಮಯಕ್ಕೆ ಸರಿಯಾಗಿ ಅದನ್ನು ಕೆಳಗೆ ಹಾಕಿರುತ್ತದೆ. ಪಾತಿಯ ಮೇಲೆ ಮೂರು ಇಂಚು ದಪ್ಪ ಆ ಎಲೆ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಕಡಲೆಕಾಯಿ ಸಿಪ್ಪೆ, ತೆಂಗಿನ ಸಿಪ್ಪೆಯೂ ಆಗುತ್ತದೆ. ಗಾಳಿಗೆ ಹಾರದಂತೆ ಮೇಲೊಂದು ಹಳೇ ಗೋಣಿಚೀಲ. ಹೊದಿಸಿದ ಪಾತಿಯಲ್ಲಿ ನನ್ನ ಸ್ಕ್ರೂಡ್ರೈವರ್ ಹತ್ತನೇ ದಿನವೂ ಮುಕ್ಕಾಲು ಇಳಿಯುತ್ತದೆ, ಬರೀ ಮಣ್ಣಿನಲ್ಲಿ ಐದನೇ ದಿನಕ್ಕೇ ನಿಲ್ಲುತ್ತದೆ. ಅಂಗಡಿಯ ಬಟ್ಟೆ ಚೂರು ಹಾಕಿ ನೋಡಿದೆ, ಸಿಂಥೆಟಿಕ್ ಕೊಳೆಯುವುದಿಲ್ಲ, ಹಾಕಬೇಡಿ.

ಬುಡದವರೆಗೂ ಕಾಂಕ್ರೀಟ್ ಹಾಕಿದ ಮರಗಳದ್ದು ದೊಡ್ಡ ಗೋಳು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಹೇಳಿತ್ತು. ನಮ್ಮ ಬೀದಿಗೆ ಟೈಲ್ಸ್ ಹಾಕಲು ಬಂದಾಗ ನಾವು ಹೆಂಗಸರು ನಿಂತು ಕೇಳಿಕೊಂಡೆವು, ಮೂರು ಮರಕ್ಕೆ ಅಷ್ಟು ಜಾಗ ಬಿಟ್ಟರು, ಒಂದಕ್ಕೆ ಬಿಡಲಿಲ್ಲ. ಆ ಒಂದರ ಪಕ್ಕ ಟೈಲ್ಸ್‌ಗಳ ಸಂದಿಯಲ್ಲಿ ಎರಡು ಕಡೆ ಒಂದೂವರೆ ಅಡಿ ಆಳಕ್ಕೆ, ತೂತು ಕೊರೆದ ಮೂರು ಇಂಚಿನ ಪಿವಿಸಿ ಪೈಪ್ ನಿಲ್ಲಿಸಿ ಜಲ್ಲಿ ತುಂಬಿದ್ದೇವೆ. ಅದರೊಳಕ್ಕೆ ಹೊಯ್ದ ನೀರು ನೇರ ಬೇರಿಗೆ. ಹೀಗೆ ಮಾಡುವ ಮುಂಚೆ ಕೆಳಗೆ ಕೇಬಲ್, ನೀರಿನ ಪೈಪ್ ಇಲ್ಲವೆಂದು ಖಾತರಿ ಮಾಡಿಕೊಳ್ಳಿ.

ಬೇಸಿಗೆಯಲ್ಲಿ ಗೊಬ್ಬರ ಬೇಡ, ಯೂರಿಯಾ ಅಂತೂ ಬೇಡವೇ ಬೇಡ. ಕೊಂಬೆ ಕಡಿಯಬೇಡಿ. ಮಧ್ಯಾಹ್ನ ಎಲೆ ಜೋತುಬಿದ್ದು ಬೆಳಿಗ್ಗೆ ನೆಟ್ಟಗಾದರೆ ಮರ ಬಿಸಿಲಿನಿಂದ ತನ್ನನ್ನು ಕಾಯ್ದುಕೊಳ್ಳುತ್ತಿದೆ ಅಷ್ಟೇ. ಬೆಳಿಗ್ಗೆ 7ಕ್ಕೂ ಜೋತೇ ಇದ್ದರೆ ಅವತ್ತೇ ನೀರು.

ಶುರು ಮಾಡುವುದು ಶಿವರಾತ್ರಿಗಿಂತ ಮುಂಚೆ. ನಮ್ಮಲ್ಲಿ ಹಿಂಗಾರು ನವೆಂಬರ್‌ಗೆ ಮುಗಿದರೆ ಜನವರಿ ಕೊನೆಗೇ ಮಣ್ಣು ಒಣಗಿರುತ್ತದೆ, ಎಲೆ ಬಾಡಿದ ಮೇಲೆ ಎಚ್ಚರವಾದರೆ ಅರ್ಧ ನಷ್ಟ ಆಗಿಯೇ ಹೋಗಿರುತ್ತದೆ. ನಿಲ್ಲಿಸುವುದೂ ಅಷ್ಟೇ. ಅಶ್ವಿನಿ ಮಳೆ ಒಂದು ಗುಡುಗಿ ಹೋಯಿತು ಅಂತ ಕೊಡ ಕವುಚಿಡಬೇಡಿ. ಜೋರು ಮಳೆ ಹದಿನೈದು ನಿಮಿಷ ಬಂದು ರಸ್ತೆಯಲ್ಲಿ ಹರಿದರೂ ಪಾತಿಯಲ್ಲಿ ಮೂರು ಇಂಚು ಇಳಿದಿರುವುದಿಲ್ಲ. ಸ್ಕ್ರೂಡ್ರೈವರ್ ಒತ್ತಿ ನೋಡಿ. ಭರಣಿ ಮಳೆ ಎರಡು ಮೂರು ಸಲ ಸರಿಯಾಗಿ ಬಂದ ಮೇಲೆ ನಾನು ವಾರದ್ದನ್ನು ಹದಿನೈದು ದಿನಕ್ಕೆ ಮಾಡುತ್ತೇನೆ, ಮುಂಗಾರು ಹಿಡಿದ ಮೇಲೆ ಬಿಡುತ್ತೇನೆ.

ಈ ತುಮಕೂರು ಕೋಲಾರದ ಕಡೆಯ ನಮಗೆ ಇದು ಹೊಸದಾಗಿ ಕಲಿಯುವ ವಿಷಯವೂ ಅಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ, 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಹುಲಿಕಲ್–ಕುದೂರು ರಸ್ತೆಯ ಆಲದ ಸಸಿಗಳಿಗೆ ಕಿಲೋಮೀಟರ್‌ಗಟ್ಟಲೆ ನೀರು ಹೊತ್ತರು, ದನ ತಿನ್ನದಂತೆ ಮುಳ್ಳು ಕಟ್ಟಿದರು. ಮುಳ್ಳಿನ ಬದಲು ನಾವು ಹಳೇ ಸೀರೆಯಂಚು ಸುತ್ತಿದ ಬಿದಿರು ಗಳ ನಿಲ್ಲಿಸಿದ್ದೇವೆ, ಮೇಕೆಗಳು ದೂರ ಇವೆ.

ಹೋದ ಭಾನುವಾರ ಆ ಸಂಪಿಗೆಗೆ ಮತ್ತೆ ಟೇಪು ಸುತ್ತಿದೆ. ಕಳೆದ ಯುಗಾದಿಗೆ 6 ಇಂಚು ಇತ್ತು, ಈಗ ಏಳೂಕಾಲು. ಬದುವನ್ನು ಒಂದು ಅಡಿ ಆಚೆಗೆ ಸರಿಸಿ, ಗೋಡೆಯ ಮೇಲಿನ ಪಟ್ಟಿಯಲ್ಲಿ ಅದರ ಮುಂದೆ 7 ಕೊಡ ಅಂತ ತಿದ್ದಿದ್ದೇನೆ.